ಜೋಡಿ ಚುಕ್ಕಾಣಿಗೆ ಟೈ ರಾಡ್: ಯಾಕೆ ಬೇಕು, ಹೇಗೆ ಹಾಕಬೇಕು

ಪ್ರಶ್ನೆ: ಹೊನ್ನಾವರದಲ್ಲಿ ಪ್ರವಾಸಿಗರಿಗಾಗಿ ಬೋಟ್ ನಡೆಸುತ್ತೇವೆ. 10 ಮೀಟರ್ ಉದ್ದದ ಫೈಬರ್ ಕ್ಯಾಟಮರಾನ್. ಎರಡು ಹಲ್ (ಬೋಟಿನ ಒಡಲು), ಎರಡು ಡೀಸೆಲ್ ಇಂಜಿನ್, ಎರಡು ಚುಕ್ಕಾಣಿ. ಚುಕ್ಕಾಣಿ ಶಾಫ್ಟ್‌ಗಳ ನಡುವೆ 2.6 ಮೀಟರ್ ಅಂತರ. ಚುಕ್ಕಾಣಿಯ ಹಲಗೆ 45 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರ. ಪೂರ್ತಿ ವೇಗ 10 ನಾಟ್. ಒಂದೇ ಸ್ಟೇರಿಂಗ್ ಪಂಪ್‌ನಿಂದ ಎರಡು ಹೈಡ್ರಾಲಿಕ್ ಸಿಲಿಂಡರ್‌ಗೆ ಎಣ್ಣೆ ಹೋಗುತ್ತದೆ. ಬೆಳಿಗ್ಗೆ ಎರಡನ್ನೂ ನೇರ ಮಾಡಿಕೊಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಸೊಟ್ಟಗಾಗಿರುತ್ತದೆ. ಸೀಲ್ ಬದಲಿಸಿದೆವು, ಗಾಳಿ ತೆಗೆದೆವು, ಸರಿಹೋಗಲಿಲ್ಲ. ಎರಡು ಚುಕ್ಕಾಣಿಗಳನ್ನೂ ಒಂದಕ್ಕೊಂದು ಜೋಡಿಸುವ ಟೈ ರಾಡ್ ಹಾಕಿ ಅಂತ ಒಬ್ಬ ಮೆಕ್ಯಾನಿಕ್ ಹೇಳಿದರು. ಹಾಕುವುದಾದರೆ ಕಾರಿನ ಹಾಗೆ ತಿರುವಿನ ಒಳಬದಿಯ ಚುಕ್ಕಾಣಿ ಜಾಸ್ತಿ ತಿರುಗುವಂತೆ ಮಾಡಬೇಕು ಅಂತ ಇನ್ನೊಬ್ಬರು. ಅದೆಲ್ಲ ಬೋಟಿಗೆ ಬೇಡ ಅಂತ ಮತ್ತೊಬ್ಬರು. ಯಾರ ಮಾತು ಸರಿ? ರಾಡ್ ಎಷ್ಟು ದಪ್ಪ ಇರಬೇಕು?

ಉತ್ತರ: ನಿಮ್ಮ ಸಿಲಿಂಡರ್‌ಗಳು ಕೆಟ್ಟಿಲ್ಲ. ಸೀಲ್ ಎಷ್ಟು ಸಲ ಬದಲಿಸಿದರೂ ಈ ತೊಂದರೆ ಹೋಗುವುದಿಲ್ಲ, ಯಾಕೆಂದರೆ ಅದು ಇರುವುದು ಪೈಪ್ ಜೋಡಿಸಿರುವ ರೀತಿಯಲ್ಲಿ. ಟೈ ರಾಡ್ ಹಾಕಿ ಅಂದ ಮೆಕ್ಯಾನಿಕ್ ಹೇಳಿದ್ದು ನೂರಕ್ಕೆ ನೂರು ಸರಿ.

ಪಂಪಿನ ಒಳಗೆ ಒಂದು ಲಾಕ್ ವಾಲ್ವ್ ಇರುತ್ತದೆ. ನೀವು ಚಕ್ರ ಬಿಟ್ಟಾಗ ಚುಕ್ಕಾಣಿಯ ಒತ್ತಡಕ್ಕೆ ಎಣ್ಣೆ ಪಂಪಿಗೆ ವಾಪಸ್ ಬರದಂತೆ ಅದು ತಡೆಯುತ್ತದೆ. ಒಂದೇ ಚುಕ್ಕಾಣಿ ಇರುವ ಬೋಟಿನಲ್ಲಿ ಇಷ್ಟು ಸಾಕು. ನಿಮ್ಮಲ್ಲಿ ಪಂಪಿನಿಂದ ಬಂದ ಪೈಪ್ ಒಂದು ಟೀ ಜಾಯಿಂಟ್‌ನಲ್ಲಿ ಕವಲಾಗಿ ಎರಡು ಸಿಲಿಂಡರ್‌ಗೆ ಹೋಗಿದೆ. ಟೀ ದಾಟಿದ ಮೇಲೆ ಎರಡು ಸಿಲಿಂಡರ್‌ಗಳ ನಡುವೆ ಯಾವ ತಡೆಯೂ ಇಲ್ಲ. ಒಂದರಿಂದ ಎಣ್ಣೆ ಹೊರಗೆ ಬಂದರೆ ಅದು ಸೀದಾ ಇನ್ನೊಂದಕ್ಕೆ ಹೋಗುತ್ತದೆ. ಒಟ್ಟು ಎಣ್ಣೆ ಅಷ್ಟೇ ಇರುತ್ತದೆ, ಹಾಗಾಗಿ ಲಾಕ್ ವಾಲ್ವ್‌ಗೆ ಏನೂ ಗೊತ್ತಾಗುವುದಿಲ್ಲ. ಯಾವುದರಲ್ಲಿ ಎಷ್ಟಿದೆ ಅನ್ನುವುದಕ್ಕೆ ಯಾರ ಹಿಡಿತವೂ ಇಲ್ಲ.

ಇದನ್ನು ನೀವೇ ನೋಡಬಹುದು. ಬೋಟನ್ನು ದಡಕ್ಕೆ ಎಳೆದಾಗ ಒಬ್ಬರು ಎಡಗಡೆ ಚುಕ್ಕಾಣಿಯ ಹಿಂಬದಿಯ ಅಂಚನ್ನು ಹಿಡಿದು ನಿಧಾನಕ್ಕೆ, ಬಲವಾಗಿ ಎಡಕ್ಕೆ ತಳ್ಳಲಿ. ಇನ್ನೊಬ್ಬರು ಬಲಗಡೆಯದನ್ನು ನೋಡುತ್ತಿರಲಿ. ಅದು ತಾನಾಗಿ ಬಲಕ್ಕೆ ಸರಿಯುತ್ತದೆ. ಮೇಲೆ ಸ್ಟೇರಿಂಗ್ ಚಕ್ರ ಅಲ್ಲಾಡುವುದೂ ಇಲ್ಲ. ನೀರಿನಲ್ಲಿ ಆ ತಳ್ಳುವ ಕೆಲಸವನ್ನು ಫ್ಯಾನ್ (ಪ್ರೊಪೆಲ್ಲರ್) ಮಾಡುತ್ತದೆ. ಎರಡು ಇಂಜಿನ್ ಬೋಟುಗಳಲ್ಲಿ ಸಾಮಾನ್ಯವಾಗಿ ಫ್ಯಾನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಅವು ಎಸೆಯುವ ನೀರು ಸುತ್ತುತ್ತಾ ಬಂದು ಚುಕ್ಕಾಣಿಗೆ ಹೊಡೆಯುತ್ತದೆ. ಆ ಸುತ್ತು ಎರಡು ಕಡೆ ತಿರುವುಮುರುವಾಗಿರುವುದರಿಂದ ಎರಡು ಚುಕ್ಕಾಣಿಗಳ ಮೇಲಿನ ಒತ್ತಡವೂ ತಿರುವುಮುರುವು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಣ್ಣೆ ಚೂರು ಚೂರೇ ಆಕಡೆಯಿಂದ ಈಕಡೆಗೆ ಹೋಗಿರುತ್ತದೆ, ಅಷ್ಟೇ.

ಸೊಟ್ಟಗಿರುವ ಎರಡು ಹಲಗೆಗಳು ಒಂದನ್ನೊಂದು ಎದುರಿಸಿ ನಿಂತಿರುತ್ತವೆ. ಬೋಟ್ ನೇರವಾಗಿಯೇ ಹೋಗುತ್ತದೆ, ಹಾಗಾಗಿ ತುಂಬಾ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ವೇಗ ಕಮ್ಮಿಯಾಗುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ, ಶಾಫ್ಟ್ ಬುಷ್ ಒಂದೇ ಬದಿಗೆ ಸವೆಯುತ್ತದೆ. ಇನ್ನೂ ಕೆಟ್ಟದ್ದು ತಿರುಗಿಸುವಾಗ. ಮೊದಲೇ ಬಲಕ್ಕೆ ವಾಲಿದ್ದ ಚುಕ್ಕಾಣಿ ಬಲಕ್ಕೆ ತಿರುಗಿಸಿದಾಗ ಬೇಗ ಕೊನೆ ಮುಟ್ಟುತ್ತದೆ. ಇನ್ನೊಂದು ಅರ್ಧದಲ್ಲೇ ಇರುತ್ತದೆ. ಅಳಿವೆಯ ಹತ್ತಿರ ಅಲೆ ಬಂದಾಗ ಒಂದು ಕಡೆಗೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆಗೆ ಮೊಂಡು ಹಿಡಿಯುವ ಬೋಟ್ ಯಾವ ತಾಂಡೇಲನಿಗೂ (ಬೋಟ್ ನಡೆಸುವವನಿಗೂ) ಬೇಡ.

ಎರಡು ಸಿಲಿಂಡರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸುವ ಇನ್ನೊಂದು ದಾರಿ ಇದೆ. ಮೊದಲನೆಯದರಿಂದ ಹೊರಬಂದ ಎಣ್ಣೆ ಎರಡನೆಯದಕ್ಕೆ ಹೋಗುತ್ತದೆ. ಅದಕ್ಕೆ ಎರಡೂ ಕಡೆ ರಾಡ್ ಇರುವ ಸಮ ಸಿಲಿಂಡರ್ ಬೇಕು. ಸ್ವಲ್ಪ ಸೋರಿದರೂ ಹೊಂದಾಣಿಕೆ ತಪ್ಪುತ್ತದೆ, ಆಗಾಗ ವಾಲ್ವ್ ತೆರೆದು ಮತ್ತೆ ಸಮ ಮಾಡಬೇಕು. ಎರಡು ಹಲ್‌ಗಳ ನಡುವೆ ರಾಡ್ ಹಾಯಿಸಲು ಜಾಗವೇ ಇಲ್ಲದ ಬೋಟಿಗೆ ಸರಿ. ನಿಮಗೆ ಬೇಡ.

ಈಗಿರುವ ಎರಡು ಸಿಲಿಂಡರ್‌ಗಳನ್ನು ಹಾಗೇ ಇಟ್ಟುಕೊಳ್ಳಿ. ಟೈ ರಾಡ್ ಹಾಕಿದ ಮೇಲೆ ಒಂದು ಸಿಲಿಂಡರ್ ಸಾಕಲ್ವಾ ಅಂತ ಯಾರಾದರೂ ಹೇಳಬಹುದು. ಸಾಕು, ಹಾಗೆ ನಡೆಯುವ ಬೋಟುಗಳು ಬೇಕಾದಷ್ಟಿವೆ. ಆದರೆ ಆಗ ಎರಡನೇ ಚುಕ್ಕಾಣಿಯ ಪೂರ್ತಿ ಭಾರವನ್ನು ಟೈ ರಾಡೇ ಹೊರಬೇಕು. ಎರಡು ಸಿಲಿಂಡರ್ ಇದ್ದರೆ ರಾಡ್ ಹೊರುವುದು ಎರಡರ ಒತ್ತಡದ ವ್ಯತ್ಯಾಸವನ್ನು ಮಾತ್ರ. ಎಣ್ಣೆ ತಾನಾಗಿ ಹಂಚಿಕೊಳ್ಳುವುದರಿಂದ ಸಿಲಿಂಡರ್‌ಗಳು ಒಂದರ ಜೊತೆ ಒಂದು ಗುದ್ದಾಡುವುದೂ ಇಲ್ಲ. ಮೊದಲು ತೊಂದರೆ ಕೊಟ್ಟ ಗುಣವೇ ರಾಡ್ ಬಂದ ಮೇಲೆ ಉಪಕಾರಕ್ಕೆ ಬರುತ್ತದೆ. ಪ್ರತಿ ಸಿಲಿಂಡರಿನ ಎರಡು ಬಾಯಿಗಳ ನಡುವೆ ಒಂದು ಬೈಪಾಸ್ ವಾಲ್ವ್, ಮತ್ತು ಪೈಪ್ ಬರುವ ಕಡೆ ಬಂದ್ ಮಾಡುವ ವಾಲ್ವ್ ಹಾಕಿಸಿ. ಒಂದು ಹೋಸ್ ಒಡೆದರೆ ಆ ಸಿಲಿಂಡರನ್ನು ಬಂದ್ ಮಾಡಿ, ಬೈಪಾಸ್ ತೆರೆದು, ಇನ್ನೊಂದರಿಂದ ಎರಡೂ ಚುಕ್ಕಾಣಿ ತಿರುಗಿಸಿಕೊಂಡು ಧಕ್ಕೆಗೆ (ಬೋಟ್ ಕಟ್ಟುವ ಕಟ್ಟೆಗೆ) ಬರಬಹುದು. ಬೈಪಾಸ್ ತೆರೆಯದೆ ಸುಮ್ನೆ ಬಂದ್ ಮಾಡಿದರೆ ಆ ಸಿಲಿಂಡರಿನಲ್ಲಿ ಎಣ್ಣೆ ಸಿಕ್ಕಿಕೊಂಡು ಎರಡೂ ಚುಕ್ಕಾಣಿ ಜಾಮ್ ಆಗುತ್ತವೆ. ಇದನ್ನು ಬೋಟಿನಲ್ಲಿರುವ ಪ್ರತಿಯೊಬ್ಬ ಕೆಲಸಗಾರನಿಗೂ ಕೈಯಾರೆ ಮಾಡಿಸಿ ತೋರಿಸಬೇಕು.

ಇನ್ನು ಒಳಗಿನದು ಜಾಸ್ತಿ ತಿರುಗುವ ವಿಷಯ. ಬಂಡಿ ತಿರುಗುವಾಗ ಒಳಗಿನ ಚಕ್ರ ಸಣ್ಣ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡ ಸುತ್ತು. ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗಬೇಕು. ಇದಕ್ಕೆ 1817ರಲ್ಲಿ ಪರಿಹಾರ ಕಂಡುಹಿಡಿದವರು ಜರ್ಮನಿಯ ಮ್ಯೂನಿಕ್‌ನಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್. ಮರುವರ್ಷ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ತೆಗೆದ ರುಡಾಲ್ಫ್ ಆಕರ್‌ಮನ್ ಹೆಸರೇ ಉಳಿಯಿತು. ಗ್ಯಾರೇಜಿನವರು ಆಕರ್‌ಮನ್ ಅನ್ನುವುದು ಇದನ್ನೇ. ಕಾರಿಗೂ ಮೊದಲೇ ಬಂದ ಲೆಕ್ಕ ಇದು.

ಬೋಟಿನಲ್ಲಿ ಉಜ್ಜಲು ನೆಲ ಇಲ್ಲ. ಚುಕ್ಕಾಣಿ ಕೆಲಸ ಮಾಡುವುದೇ ನೀರಿಗೆ ಓರೆಯಾಗಿ ನಿಂತು. ಹಾಗಾಗಿ ಎರಡೂ ಒಂದೇ ಕೋನದಲ್ಲಿದ್ದರೂ ಬೋಟ್ ತಿರುಗುತ್ತದೆ, ಬೇಡ ಅಂದವರ ಮಾತಿನಲ್ಲಿ ಅಷ್ಟು ನಿಜ ಇದೆ. ಆದರೆ ಒಂದು ಸೂಕ್ಷ್ಮ ಇದೆ. ಬೋಟ್ ಬಲಕ್ಕೆ ತಿರುಗುವಾಗ ಹಿಂಭಾಗ ಎಡಕ್ಕೆ ಜಾರುತ್ತದೆ. ಆದ್ದರಿಂದ ಚುಕ್ಕಾಣಿಗೆ ನೀರು ನೇರ ಮುಂದಿನಿಂದ ಬರುವುದಿಲ್ಲ, ಸ್ವಲ್ಪ ಎಡಗಡೆಯಿಂದ ಬರುತ್ತದೆ. ನೀವು 35 ಡಿಗ್ರಿ ತಿರುಗಿಸಿದ್ದರೂ ನೀರಿನ ಲೆಕ್ಕದಲ್ಲಿ ಹಲಗೆ ಅದಕ್ಕಿಂತ ಕಮ್ಮಿ ಓರೆಯಾಗಿರುತ್ತದೆ. ಒಳಗಿನ ಚುಕ್ಕಾಣಿ ಸಣ್ಣ ಸುತ್ತಿನಲ್ಲಿ ಇರುವುದರಿಂದ ಅಲ್ಲಿ ಈ ಕಡಿತ ಜಾಸ್ತಿ. ಅದನ್ನು ಇನ್ನು ಕೆಲವು ಡಿಗ್ರಿ ತಿರುಗಿಸಿದರೆ ಎರಡೂ ಸಮನಾಗಿ ದುಡಿಯುತ್ತವೆ. ಬೋಟ್ ಎಷ್ಟು ಅಗಲವೋ ಅಷ್ಟು ಈ ವ್ಯತ್ಯಾಸ. ಮಾಮೂಲಿ ಬೋಟಿನಲ್ಲಿ ಚುಕ್ಕಾಣಿಗಳ ಅಂತರ ಒಂದು ಮೀಟರ್ ಇದ್ದರೆ ಮರೆತುಬಿಡಬಹುದು. ನಿಮ್ಮದು 2.6 ಮೀಟರ್. ಹೇಗೂ ಟೈ ರಾಡ್ ಸಿಕ್ಕಿಸಲು ಚುಕ್ಕಾಣಿ ಶಾಫ್ಟ್ ಮೇಲೆ ಕೂರುವ ಹೊಸ ಆರ್ಮ್ (ತೋಳು) ಮಾಡಿಸುತ್ತಿದ್ದೀರಿ. ಆರ್ಮ್ ಕೂರಿಸುವ ಕೋನ ಬದಲಿಸಿದರೆ ಸಾಕು, ಒಂದು ರೂಪಾಯಿಯೂ ಜಾಸ್ತಿ ಬೀಳುವುದಿಲ್ಲ. ಮಾಡಿಸಿ.

ಮಾಡಿಸುವ ರೀತಿ ಹೀಗೆ. ಮುಂದಕ್ಕೆ ಹೋಗುವ ಬೋಟ್ ತಿರುಗುವಾಗ ಅದು ಸುತ್ತುವ ಬಿಂದು ಮೂತಿಯಿಂದ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಹಿಂದೆ ಇರುತ್ತದೆ. ನಿಮ್ಮಲ್ಲಿ ಚುಕ್ಕಾಣಿಯಿಂದ ಸುಮಾರು 6.5 ಮೀಟರ್ ಮುಂದೆ ಅಂತ ಇಟ್ಟುಕೊಳ್ಳೋಣ. ಬೋಟಿನ ಮಧ್ಯದ ಗೆರೆಯ ಮೇಲೆ ಅಲ್ಲಿ ಒಂದು ಗುರುತು ಹಾಕಿ. ಎರಡೂ ಚುಕ್ಕಾಣಿ ನೇರ ಇರುವಾಗ ಎರಡೂ ಆರ್ಮ್‌ಗಳು ಆ ಗುರುತಿನ ಕಡೆ ಮುಖ ಮಾಡಿರಬೇಕು. ಅಂದರೆ ಮುಂದಕ್ಕೆ ಚಾಚಿ, ತಲಾ 11 ಡಿಗ್ರಿಯಷ್ಟು ಒಳಕ್ಕೆ ವಾಲಿರಬೇಕು. ಆರ್ಮ್ ಉದ್ದ 250 ಮಿ.ಮೀ. ಇಟ್ಟರೆ ಅದರ ತುದಿಯ ತೂತು ಶಾಫ್ಟ್‌ಗಿಂತ 49 ಮಿ.ಮೀ. ಒಳಗೆ ಬರುತ್ತದೆ. ಟೈ ರಾಡ್ ತೂತಿನಿಂದ ತೂತಿಗೆ 2600ರ ಬದಲು ಸುಮಾರು 2502 ಮಿ.ಮೀ. ಇಷ್ಟರಲ್ಲಿ ಒಳಗಿನದು 35 ಡಿಗ್ರಿ ತಿರುಗಿದಾಗ ಹೊರಗಿನದು 30ರಿಂದ 31 ಡಿಗ್ರಿಯಲ್ಲಿ ನಿಲ್ಲುತ್ತದೆ. ಒಳಗಿನದು 10 ಡಿಗ್ರಿ ಇದ್ದಾಗ ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ. ಹಾಗಾಗಿ ದಿನದ ಓಡಾಟದಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಕಡಿದಾದ ತಿರುವು ತೆಗೆದುಕೊಳ್ಳಬೇಕಾದಾಗ ಮಾತ್ರ ಗೊತ್ತಾಗುತ್ತದೆ.

ಇಲ್ಲಿ ಒಂದು ಜಾಗದಲ್ಲಿ ತುಂಬಾ ಎಚ್ಚರ ಬೇಕು. ಮುಂದೆ ಇಂಜಿನ್ ಅಡ್ಡ ಬಂತು ಅಂತ ಆರ್ಮ್‌ಗಳನ್ನು ಹಿಂದಕ್ಕೆ ತಿರುಗಿಸಿ ಕೂರಿಸಿ, ಅದೇ ಗಿಡ್ಡ ರಾಡ್ ಹಾಕಿದರೆ ಎಲ್ಲ ಉಲ್ಟಾ ಆಗುತ್ತದೆ. ಹೊರಗಿನದು ಜಾಸ್ತಿ ತಿರುಗಿ, ಒಳಗಿನದು ಕಮ್ಮಿ ತಿರುಗುತ್ತದೆ. ಅದಕ್ಕಿಂತ ಆರ್ಮ್‌ಗಳನ್ನು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇಡುವುದೇ ಎಷ್ಟೋ ಮೇಲು. ಆರ್ಮ್ ಹಿಂದಕ್ಕೆ ಚಾಚುವುದು ಅನಿವಾರ್ಯವಾದರೆ ಅವು ಹೊರಕ್ಕೆ ಅಗಲವಾಗಿ ವಾಲಬೇಕು, ರಾಡ್ 2600ಕ್ಕಿಂತ ಉದ್ದ ಆಗಬೇಕು. ನೆನಪಿಗೆ ಸುಲಭ ದಾರಿ: ಆರ್ಮ್ ಎತ್ತ ಕಡೆ ಚಾಚಿದ್ದರೂ ಅದರ ಮೇಲೆ ಎಳೆದ ಗೆರೆ ಮುಂದೆ ಹೋಗಿ ಮಧ್ಯದ ಆ ಗುರುತಿಗೇ ಸೇರಬೇಕು. ವೆಲ್ಡಿಂಗ್‌ಗೆ ಮೊದಲು ಒಂದು ಪ್ಲೈವುಡ್ ಹಾಳೆಯ ಮೇಲೆ ಅಳತೆಗೆ ತಕ್ಕಂತೆ ಬರೆದು, ಮೊಳೆ ಹೊಡೆದು, ಪಟ್ಟಿಗಳನ್ನು ತಿರುಗಿಸಿ ನೋಡಿ. ಅರ್ಧ ಗಂಟೆಯ ಕೆಲಸ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ರಾಡ್ ದಪ್ಪದ ಪ್ರಶ್ನೆಗೆ ಬರೋಣ. ಇದರಲ್ಲೇ ಜನ ಎಡವುವುದು ಜಾಸ್ತಿ. ಟೈ ರಾಡ್ ಎಳೆತಕ್ಕೆ ಕಡಿಯುವುದು ಅಪರೂಪ. ಅದು ತಳ್ಳಿದಾಗ ಬಾಗುತ್ತದೆ. ಬೋಟ್ ಒಂದು ಕಡೆ ತಿರುಗುವಾಗ ರಾಡ್ ಎಳೆದರೆ, ಇನ್ನೊಂದು ಕಡೆ ತಿರುಗುವಾಗ ತಳ್ಳಬೇಕಲ್ವಾ? ಎರಡೂವರೆ ಮೀಟರ್ ಉದ್ದದ ಸಪೂರ ರಾಡನ್ನು ತುದಿಯಿಂದ ಒತ್ತಿದರೆ ನಡುವೆ ಬಿಲ್ಲಿನಂತೆ ಬಾಗುತ್ತದೆ.

ಲೆಕ್ಕ ಹಾಕೋಣ. 10 ನಾಟ್ ಅಂದರೆ ಸೆಕೆಂಡಿಗೆ 5.1 ಮೀಟರ್. ನಿಮ್ಮ ಹಲಗೆ ಹೆಚ್ಚುಕಮ್ಮಿ ಕಾಲು ಚದರ ಮೀಟರ್. ಆ ವೇಗದಲ್ಲಿ ಪೂರ್ತಿ ತಿರುಗಿಸಿದರೆ ಒಂದೊಂದು ಹಲಗೆಯ ಮೇಲೆ ಸುಮಾರು 350 ಕೆ.ಜಿ. ಒತ್ತಡ ಬೀಳುತ್ತದೆ. ಫ್ಯಾನ್ ಎಸೆಯುವ ನೀರು ಬೋಟಿಗಿಂತ ವೇಗವಾಗಿ ಬರುವುದರಿಂದ 500 ಅಂತ ಹಿಡಿಯುವುದು ಕ್ಷೇಮ. ಹಲಗೆಯ ಆರನೇ ಒಂದು ಭಾಗ ಶಾಫ್ಟ್‌ಗಿಂತ ಮುಂದೆ ಇದ್ದರೆ ಈ ಒತ್ತಡ ಶಾಫ್ಟ್‌ನಿಂದ ಸುಮಾರು 10 ಸೆಂ.ಮೀ. ಹಿಂದೆ ಬೀಳುತ್ತದೆ. ಪೂರ್ತಿ ತಿರುಗಿದಾಗ 250ರ ಆರ್ಮ್‌ನ ಹಿಡಿತ 17 ಸೆಂ.ಮೀ.ಗೆ ಇಳಿದಿರುತ್ತದೆ. ಒಂದು ಸಿಲಿಂಡರ್ ಕೈಕೊಟ್ಟಾಗ ರಾಡ್ ಒಂದರ ಮೇಲೇ ಬೀಳುವ ಭಾರ ಸುಮಾರು 300 ಕೆ.ಜಿ.

ಈಗ 20 ಮಿ.ಮೀ. ಗಟ್ಟಿ ಸ್ಟೀಲ್ ರಾಡ್ ತೆಗೆದುಕೊಳ್ಳಿ. ಎರಡೂವರೆ ಮೀಟರ್ ಉದ್ದದಲ್ಲಿ ಅದು 240 ಕೆ.ಜಿ. ಆಸುಪಾಸಿನಲ್ಲೇ ಬಾಗಲು ಶುರು. ನೋಡಲು ದಪ್ಪ, ಕೈಗೆ ಭಾರ, ಕೆಲಸಕ್ಕೆ ಬಾರದು. ಅದೇ ತೂಕದ ಒಂದು ಇಂಚಿನ ಶೆಡ್ಯೂಲ್ 40 ಪೈಪ್ ತೆಗೆದುಕೊಳ್ಳಿ. ಹೊರ ಅಳತೆ 33.4 ಮಿ.ಮೀ., ಗೋಡೆ ಸುಮಾರು 3.4 ಮಿ.ಮೀ. ಎರಡರದ್ದೂ ಮೀಟರಿಗೆ ಎರಡೂವರೆ ಕೆ.ಜಿ. ಪೈಪ್ ಬಾಗುವುದು 1100 ಕೆ.ಜಿ.ಗಿಂತ ಮೇಲೆ. ಅಷ್ಟೇ ಲೋಹ, ನಾಲ್ಕೂವರೆ ಪಟ್ಟು ಶಕ್ತಿ. ನಿಮಗೆ ಬೇಕಾದ್ದು ಈ ಪೈಪ್. ಸ್ಟೇನ್‌ಲೆಸ್ ಹಾಕುವುದಾದರೆ 316 ಕೇಳಿ. 304 ಉಪ್ಪು ನೀರಿಗೆ ಚುಕ್ಕೆ ಚುಕ್ಕೆಯಾಗಿ ತಿನ್ನಿಸಿಕೊಳ್ಳುತ್ತದೆ. ಬಾಗಿದ ಪೈಪನ್ನು ಬಡಿದು ನೇರ ಮಾಡಿ ಹಾಕಬೇಡಿ. ಒಮ್ಮೆ ಬಾಗಿದ್ದು ಮುಂದಿನ ಸಲ ಅರ್ಧ ಭಾರಕ್ಕೇ ಬಾಗಬಹುದು.

ಈ ಲೆಕ್ಕ ಎಲ್ಲ ಮುಂದಕ್ಕೆ ಹೋಗುವಾಗಿನದು. ರಿವರ್ಸ್‌ನಲ್ಲಿ ಹಲಗೆಯ ಹಿಂದಿನ ಅಂಚೇ ನೀರನ್ನು ಸೀಳುವ ಅಂಚಾಗುತ್ತದೆ. ಒತ್ತಡ ಶಾಫ್ಟ್‌ನಿಂದ ಎಷ್ಟೋ ದೂರಕ್ಕೆ ಹೋಗುತ್ತದೆ. 6 ನಾಟ್‌ನಲ್ಲಿ ಹಿಂದಕ್ಕೆ ಹೋದರೆ ಶಾಫ್ಟ್ ಮೇಲಿನ ತಿರುಚು 10 ನಾಟ್‌ನಲ್ಲಿ ಮುಂದಕ್ಕೆ ಹೋದಷ್ಟೇ ಆಗಬಹುದು. ಆದ್ದರಿಂದ ರಿವರ್ಸ್ ಹಾಕುವ ಮೊದಲು ಚುಕ್ಕಾಣಿ ನೇರ ಮಾಡಿ. ಎರಡು ಇಂಜಿನ್ ಇದೆ. ಧಕ್ಕೆಯಲ್ಲಿ ತಿರುಗಿಸುವುದಕ್ಕೆ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಹಾಕಿದರೆ ಸಾಕು. ಇಷ್ಟು ಅಗಲದ ಬೋಟ್ ನಿಂತಲ್ಲೇ ತಿರುಗುತ್ತದೆ.

ತುದಿಗಳಿಗೆ ಬಾಲ್ ಇರುವ ರಾಡ್ ಎಂಡ್ ಹಾಕಿ. ಅಲೆಗೆ ಕ್ಯಾಟಮರಾನಿನ ಎರಡು ಹಲ್‌ಗಳು ಸ್ವಲ್ಪ ಹೊರಳುತ್ತವೆ, ಕಣ್ಣಿಗೆ ಕಾಣದಿದ್ದರೂ. ಬರೀ ತೂತು, ಪಿನ್ ಇದ್ದರೆ ಆ ಹೊರಳಾಟ ಪಿನ್ ಮೇಲೆ ಬೀಳುತ್ತದೆ. ಒಂದು ತುದಿಗೆ ಬಲ ತ್ರೆಡ್, ಇನ್ನೊಂದಕ್ಕೆ ಎಡ ತ್ರೆಡ್ ಇರಲಿ. ಆಗ ರಾಡ್ ಬಿಚ್ಚದೆ ಪೈಪನ್ನೇ ತಿರುಗಿಸಿ ಉದ್ದ ಹೊಂದಿಸಬಹುದು. 16 ಮಿ.ಮೀ. ತ್ರೆಡ್‌ನಲ್ಲಿ ಒಂದು ಸುತ್ತಿಗೆ ಉದ್ದ 4 ಮಿ.ಮೀ. ಬದಲಾಗುತ್ತದೆ. 250ರ ಆರ್ಮ್‌ನಲ್ಲಿ ಅದು ಸರಿಸುಮಾರು ಒಂದು ಡಿಗ್ರಿ. ಕೆಲಸ ಮಾಡುವವರಿಗೆ ಇದಕ್ಕಿಂತ ಅನುಕೂಲದ ಲೆಕ್ಕ ಬೇಕಿಲ್ಲ. ಹೊಂದಿಸಿದ ಮೇಲೆ ಎರಡೂ ಕಡೆ ಚೆಕ್ ನಟ್ ಬಿಗಿದು, ನಟ್‌ನಿಂದ ಪೈಪ್ ಮೇಲೆ ಹಾದುಹೋಗುವಂತೆ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ನಟ್ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಹಿಡಿಯದೆ ಗೊತ್ತಾಗುತ್ತದೆ. ಒಳಗೆ ಹೋದ ತ್ರೆಡ್ ಕನಿಷ್ಠ 25 ಮಿ.ಮೀ. ಇರಲಿ.

ಆರ್ಮ್ ತುದಿಯನ್ನು ಎರಡು ತಟ್ಟೆಯ ಕವಲಿನಂತೆ ಮಾಡಿಸಿ, ರಾಡ್ ಎಂಡ್ ಅವೆರಡರ ನಡುವೆ ಕೂರಲಿ. ಒಂದೇ ತಟ್ಟೆಗೆ ಬೋಲ್ಟ್ ಹಾಕಿ ನೇತುಹಾಕಿದರೆ ಬೋಲ್ಟ್ ವಾಲುತ್ತಾ ತೂತು ಮೊಟ್ಟೆಯಾಕಾರ ಆಗುತ್ತದೆ. ಎರಡು ತಟ್ಟೆ ಇದ್ದರೆ ಇನ್ನೊಂದು ಲಾಭ, ಬಾಲ್ ಸವೆದು ಕಳಚಿಕೊಂಡರೂ ರಾಡ್ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಕೆಳಗೆ ಬೀಳುವುದಿಲ್ಲ. ಸಿಲಿಂಡರಿನ ಪಿನ್‌ಗೇ ಟೈ ರಾಡ್ ಸಿಕ್ಕಿಸಬೇಡಿ. ಒಂದು ಪಿನ್ ಹೋದರೆ ಎರಡೂ ಹೋಗುತ್ತವೆ. ಸಿಲಿಂಡರಿನ ಹಳೆಯ ಆರ್ಮ್ ಹಾಗೇ ಇರಲಿ, ಅದೇ ಶಾಫ್ಟ್ ಮೇಲೆ ಟೈ ರಾಡ್‌ಗೆ ಬೇರೆ ಆರ್ಮ್ ಕೂರಿಸಿ. ಕೀ (ಆರ್ಮ್ ಶಾಫ್ಟ್ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ಜೊತೆಗೆ ಎರಡು ಬೋಲ್ಟ್‌ನಿಂದ ಬಿಗಿಯುವ ಕ್ಲ್ಯಾಂಪ್ ಇರುವ ಆರ್ಮ್ ಬೇಕು. ಕೀ ಒಂದನ್ನೇ ನಂಬಿದರೆ ಕೆಲವೇ ತಿಂಗಳಲ್ಲಿ ಕೀ ಕೂರುವ ಕಚ್ಚು (ಕೀ-ವೇ) ಸವೆದು ಪ್ಲೇ (ಸಡಿಲಿಕೆ) ಬರುತ್ತದೆ. ಆರ್ಮ್ ತುದಿಯಲ್ಲಿ ಒಂದು ಮಿ.ಮೀ. ಪ್ಲೇ ಅಂದರೆ ಕಾಲು ಡಿಗ್ರಿ ಮಾತ್ರ. ಆದರೆ ಎರಡು ಕೀ, ಎರಡು ಬಾಲ್, ಎರಡು ಬುಷ್ ಸೇರಿದರೆ ಚುಕ್ಕಾಣಿ ನೀರಿನಲ್ಲಿ ನಡುಗಲು ಶುರುವಾಗುತ್ತದೆ, ಆ ನಡುಕ ಪ್ಲೇಯನ್ನು ಇನ್ನೂ ಬೆಳೆಸುತ್ತದೆ.

ರಾಡ್ ಹಾಯಿಸುವ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೆ ನನಗೆ ಜಾಸ್ತಿ ಕಾಳಜಿ ಇರುವುದು ಅದರ ಬಗ್ಗೆಯೇ. ಆರ್ಮ್‌ಗಳು ಹಲ್‌ನ ಒಳಗಿದ್ದರೆ ರಾಡ್ ಎರಡು ಹಲ್‌ಗಳ ಒಳಗೋಡೆಯನ್ನು ದಾಟಬೇಕು. ಅಂದರೆ ಎರಡು ಹಲ್‌ಗೂ ತೂತು. ಒಂದು ಹಲ್‌ಗೆ ನೀರು ನುಗ್ಗಿದರೂ ಇನ್ನೊಂದು ತೇಲಿಸುತ್ತದೆ ಅನ್ನುವ ಧೈರ್ಯದ ಮೇಲೆ ಕ್ಯಾಟಮರಾನ್ ನಿಂತಿದೆ. ಆ ತೂತು ಬೋಟ್ ತುಂಬಾ ಜನ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಖಾಲಿ ಬೋಟ್ ನೋಡಿ ಗುರುತು ಹಾಕಬೇಡಿ. ತೂತು ದುಂಡಗಿದ್ದರೆ ಸಾಲದು. ಆರ್ಮ್ ತಿರುಗುವಾಗ ರಾಡ್ ಪಕ್ಕಕ್ಕೆ ಸರಿಯುವುದರ ಜೊತೆಗೆ ಒಂದು ತುದಿ 75 ಮಿ.ಮೀ.ಯಷ್ಟು ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಉದ್ದನೆಯ ಕಂಡಿ ಬೇಕು. ಅಂಚಿನಲ್ಲಿ ಫೈಬರ್ ದಪ್ಪ ಮಾಡಿಸಿ, ಕತ್ತರಿಸಿದ ಅಂಚಿಗೆ ರೆಸಿನ್ ಬಳಿದು, ಎರಡೂ ಕಡೆ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ಕವಚ) ಹಾಕಿ ಕ್ಲಿಪ್‌ನಿಂದ ಬಿಗಿಯಿರಿ. ಸಾಧ್ಯ ಇದ್ದರೆ ಈ ಗೋಜೇ ಬೇಡ. ಶಾಫ್ಟ್‌ಗಳನ್ನು ಡೆಕ್ ಮೇಲಕ್ಕೆ ತಂದು, ಆರ್ಮ್ ಮತ್ತು ರಾಡ್ ಎರಡನ್ನೂ ಹಿಂದಿನ ಅಡ್ಡ ತೊಲೆಯ ಮೇಲೆ ಇಟ್ಟು, ಮೇಲೊಂದು ಮುಚ್ಚಳ ಮಾಡಿಸಿ. ಪ್ರವಾಸಿಗರ ಮಕ್ಕಳ ಕೈಬೆರಳು ಸಿಕ್ಕದ ಹಾಗೆ ಮುಚ್ಚಳಕ್ಕೆ ಬೋಲ್ಟ್ ಇರಲಿ. ನಾನು ಆರಿಸುವುದಾದರೆ ಇದನ್ನೇ.

ಇನ್ನು ಎರಡೂ ನೇರ ಇವೆ ಅಂತ ಗೊತ್ತುಮಾಡಿಕೊಳ್ಳುವುದು. ಕಣ್ಣಳತೆ ಸಾಲದು. ಬೋಟ್ ದಡದಲ್ಲಿದ್ದಾಗ ಎರಡು ಹಲಗೆಗಳ ಮುಂದಿನ ಅಂಚುಗಳ ನಡುವೆ ಟೇಪ್ ಹಿಡಿಯಿರಿ, ಆಮೇಲೆ ಹಿಂದಿನ ಅಂಚುಗಳ ನಡುವೆ. ಎರಡೂ ಅಳತೆ ಒಂದೇ ಇದ್ದರೆ ಹಲಗೆಗಳು ಸಮಾನಾಂತರ. 45 ಸೆಂ.ಮೀ. ಹಲಗೆ ಒಂದು ಡಿಗ್ರಿ ವಾಲಿದರೆ ಅಂಚು 8 ಮಿ.ಮೀ. ಸರಿಯುತ್ತದೆ, ಟೇಪಿನಲ್ಲಿ ಚೆನ್ನಾಗಿ ಸಿಗುತ್ತದೆ. ಶುರುವಿಗೆ ಸೊನ್ನೆ ಇಡಿ. ಆಮೇಲೆ ಅಲೆ ಇಲ್ಲದ ನೀರಿನಲ್ಲಿ, ಎರಡೂ ಇಂಜಿನ್ ಒಂದೇ ಆರ್‌ಪಿಎಂನಲ್ಲಿ ಓಡಿಸಿ, ಜಿಪಿಎಸ್‌ನಲ್ಲಿ ವೇಗ ಬರೆದುಕೊಳ್ಳಿ. ಪೈಪನ್ನು ಅರ್ಧ ಸುತ್ತು ಒಂದು ಕಡೆ, ಮತ್ತೆ ಅರ್ಧ ಸುತ್ತು ಇನ್ನೊಂದು ಕಡೆ ತಿರುಗಿಸಿ ನೋಡಿ. ಹೊಳೆಯಲ್ಲಿ ಹರಿವು ಇರುವುದರಿಂದ ಪ್ರತಿ ಸಲವೂ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ವೇಗ ಎಲ್ಲಿ ಜಾಸ್ತಿಯೋ, ಚಕ್ರದ ನಡುಕ ಎಲ್ಲಿ ಕಮ್ಮಿಯೋ ಅದೇ ನಿಮ್ಮ ಬೋಟಿನ ನೇರ. ಫ್ಯಾನ್ ನೀರು ಸುತ್ತುತ್ತಾ ಬರುವ ಕಾರಣ ಅದು ಪಕ್ಕಾ ಸೊನ್ನೆಯೇ ಆಗಬೇಕೆಂದಿಲ್ಲ.

ಪ್ರತಿ ಚುಕ್ಕಾಣಿಗೂ ಎರಡೂ ಕಡೆ 35 ಡಿಗ್ರಿಯಲ್ಲಿ ಗಟ್ಟಿ ತಡೆ ಇರಲಿ. ಸಿಲಿಂಡರ್ ತನ್ನ ಕೊನೆ ಮುಟ್ಟುವ ಮೊದಲೇ ಆರ್ಮ್ ತಡೆಗೆ ತಾಗಬೇಕು. ಒಳಗಿನದು ಮೊದಲು ತಾಗುವುದರಿಂದ ಹೊರಗಿನದರ ತಡೆ ಯಾವತ್ತೂ ಉಪಯೋಗಕ್ಕೆ ಬರುವುದಿಲ್ಲ ಅನ್ನಿಸಬಹುದು. ಟೈ ರಾಡ್ ಕಳಚಿದ ದಿನ ಬರುತ್ತದೆ.

ಆ ದಿನಕ್ಕೆ ಈಗಲೇ ಸಿದ್ಧರಾಗಿರಬೇಕು. ಒಂದು ಚುಕ್ಕಾಣಿಗೆ ಮರದ ದಿಮ್ಮಿಯೋ ಬಲೆಯೋ ಸಿಕ್ಕಿ ಜಾಮ್ ಆದರೆ ಟೈ ರಾಡ್ ಇನ್ನೊಂದನ್ನೂ ಹಿಡಿದಿಡುತ್ತದೆ. ಆಗ ರಾಡ್ ಬೇಗ ಬಿಡಿಸಲು ಆಗಬೇಕು. ಪಿನ್‌ಗೆ ಸ್ಪ್ಲಿಟ್ ಪಿನ್ ಹಾಕಿ, ಕಟಿಂಗ್ ಪ್ಲೇಯರ್ ಒಂದನ್ನು ಅಲ್ಲೇ ದಾರದಲ್ಲಿ ಕಟ್ಟಿಡಿ. ಜಾಮ್ ಆದ ಕಡೆಯ ಸಿಲಿಂಡರನ್ನು ಬಂದ್ ಮಾಡಿದರೆ ಎಣ್ಣೆ ಪೂರ್ತಿ ಇನ್ನೊಂದಕ್ಕೆ ಹೋಗುತ್ತದೆ, ಒಂದೇ ಚುಕ್ಕಾಣಿಯಲ್ಲಿ ನಿಧಾನಕ್ಕೆ ಬರಬಹುದು. ಹೈಡ್ರಾಲಿಕ್ ಪೂರ್ತಿ ಹೋದರೆ ಎಂದು ಒಂದು ಶಾಫ್ಟ್‌ನ ತಲೆಯನ್ನು ಚೌಕಾಕಾರಕ್ಕೆ ಕೆತ್ತಿಸಿ, ಅದಕ್ಕೆ ಕೂರುವ ಕೈ ಟಿಲ್ಲರ್ (ಕೈಯಿಂದ ಚುಕ್ಕಾಣಿ ತಿರುಗಿಸುವ ಹಿಡಿಕೆ) ಮಾಡಿಸಿಡಿ. ಬೈಪಾಸ್‌ಗಳನ್ನು ತೆರೆದರೆ ಟೈ ರಾಡ್‌ನಿಂದಾಗಿ ಒಂದೇ ಟಿಲ್ಲರ್ ಎರಡನ್ನೂ ತಿರುಗಿಸುತ್ತದೆ.

ಪ್ರಯಾಣಿಕರ ಬೋಟ್ ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ನಿಮ್ಮ ಸರ್ವೇಯರ್‌ಗೆ ಕೈಯಲ್ಲಿ ಬರೆದ ಒಂದು ಚಿತ್ರವನ್ನಾದರೂ ತೋರಿಸಿ. 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಸರ್ವೆ ಸರ್ಟಿಫಿಕೇಟ್ ಬೇಕಾದ ಬೋಟಿನಲ್ಲಿ ಹಲ್‌ಗೆ ತೂತು ಕೊರೆದ ಮೇಲೆ ಹೇಳುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದು. ಹೊಸ ರಾಡ್ ಹಾಕಿದ ಮೊದಲ ವಾರ ದಿನವೂ ಪೇಂಟ್ ಗೆರೆ ನೋಡಿ, ಆಮೇಲೆ ವಾರಕ್ಕೊಮ್ಮೆ. ಅಳಿವೆಯಲ್ಲಿ ಚುಕ್ಕಾಣಿ ಮರಳಿಗೆ ತಾಗಿದರೆ, ಎಷ್ಟೇ ಮೆಲ್ಲಗೆ ತಾಗಿದ್ದರೂ, ಮುಂದಿನ ಟ್ರಿಪ್‌ಗೆ ಜನ ಹತ್ತಿಸುವ ಮೊದಲು ಎರಡೂ ಆರ್ಮ್‌ಗಳ ಕ್ಲ್ಯಾಂಪ್ ನೋಡಿ, ರಾಡ್ ಮೇಲೆ ಒಂದು ದಾರ ಎಳೆದು ಹಿಡಿದು ಬಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.